ಮಕ್ಕಳ ಹೆಜ್ಜೆಗೆ ಕನ್ನಡದ ಮಾತ್ರೆ

ಇಂಗ್ಲಿಷಿನ ಬಿ, ಎ, ಎಲ್, ಇ ಎಂಬ ನಾಲ್ಕು ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡ ಬಲ್ಲವರ ಮುಂದಿಟ್ಟರೆ ಅವರು ಏನೆಂದು ಓದಬೇಕು? ಬಲೆಯೆಂದೋ, ಬಳೆಯೆಂದೋ, ಬಾಳೆಯೆಂದೋ, ಬಾಲೆಯೆಂದೋ? ನಾಲ್ಕೂ ಅಚ್ಚುಕಟ್ಟಾದ ಕನ್ನಡದ ಮಾತುಗಳೇ. ಆದರೆ ಆ ಚೀಟಿಗೆ ಅವುಗಳ ಭೇದ ತಿಳಿಯದು.

ಈ ಒಗಟನ್ನು ನಾವು ವಿನೋದಕ್ಕಾಗಿ ಹೇಳುತ್ತಿಲ್ಲ. ನಮ್ಮ ಸಂಘ ಸಂಸ್ಥೆಗಳ ರಾಜ್ಯೋತ್ಸವದ ವೇದಿಕೆಯಲ್ಲಿ ಪದ್ಯ ಹೇಳಲು ನಿಲ್ಲುವ ಮಕ್ಕಳಲ್ಲಿ ಅನೇಕರ ಕೈಯಲ್ಲಿರುವುದು ಇಂಥದೇ ಚೀಟಿ. ಮಗುವಿಗೆ ಧೈರ್ಯವಿದೆ, ಕಂಠವಿದೆ. ತಾಯಿ ಉಡಿಸಿದ ರೇಷ್ಮೆಯ ಲಂಗವೂ ಅಂದವಾಗಿದೆ. ಆದರೆ ಬಳೆಯೆನ್ನಬೇಕಾದಲ್ಲಿ ಬಾಳೆ ಬರುತ್ತದೆ, ಕೆರೆ ಎನ್ನಬೇಕಾದಲ್ಲಿ ಕೇರೆ ಬರುತ್ತದೆ. ತುಂಬಿದ ಕೆರೆ ಹೀಗೆ ಹಾವಾಗಿ ಹರಿದುಹೋದಾಗ ಸಭಿಕರು ನಗುತ್ತಾರೆ. ಯಾಕೆ ನಕ್ಕರೆಂದು ತಿಳಿಯದೆ ಮಗು ಅಪ್ಪ ಅಮ್ಮಂದಿರ ಕಡೆ ನೋಡುತ್ತದೆ. ಮುಂದಿನ ವರ್ಷ ಅದು ವೇದಿಕೆ ಹತ್ತಲು ಒಲ್ಲೆನೆನ್ನುತ್ತದೆ. ಹೊರನಾಡಿನಲ್ಲಿ ಒಂದು ಮನೆಯಿಂದ ಕನ್ನಡ ಹಿಂದೆ ಸರಿಯುವುದು ಬಹುಮಟ್ಟಿಗೆ ಹೀಗೆಯೇ, ಸದ್ದಿಲ್ಲದೆ.

ಇದನ್ನು ಉಚ್ಚಾರದೋಷವೆಂದು ಕರೆದು, ನಾಲಗೆಯನ್ನು ತಿದ್ದುವುದಕ್ಕೆ ಹೊರಡುವುದು ರೂಢಿ. ಆದರೆ ಬಳೆಗೂ ಬಾಳೆಗೂ ನಾಲಗೆಯ ಭೇದವೇನೂ ಇಲ್ಲ. ಇರುವುದು ಕಾಲದ ಭೇದ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಬಳೆಗೆ ಎರಡು ಮಾತ್ರೆ ಸಾಕು. ಬಾಳೆಗೆ ಮೂರು ಬೇಕು. ಹಣಕ್ಕೆ ಎರಡು, ಹಣ್ಣಿಗೆ ಮೂರು. ಕಾಲವನ್ನು ಅಳೆಯುವ ವಿದ್ಯೆಗೆ ನಮ್ಮ ಹಿರಿಯರು ಇಟ್ಟ ಹೆಸರು ಲಯ. ಆದುದರಿಂದ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಲಯವನ್ನು ಕಲಿಸುವುದು ಸಂಗೀತದ ಮೇಷ್ಟರಿಗಷ್ಟೇ ಸೇರಿದ ಕೆಲಸವಲ್ಲ, ಮುಂಬಯಿಯಲ್ಲಿ ಅದು ಕನ್ನಡವನ್ನು ಉಳಿಸುವ ಕೆಲಸವೂ ಹೌದು ಎಂಬುದು ನಮ್ಮ ಅಭಿಪ್ರಾಯ.

ಮುಂಬಯಿಯ ಮಗುವಿಗೆ ಇರುವ ತೊಡಕು

ಊರಿನಲ್ಲಿ ಬೆಳೆಯುವ ಮಗುವಿಗೆ ಹ್ರಸ್ವ ದೀರ್ಘಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿ, ಬೀದಿ, ದೇವಸ್ಥಾನ, ಬಸ್ ನಿಲ್ದಾಣಗಳೆಲ್ಲ ಅದಕ್ಕೆ ಪಾಠ ಹೇಳುತ್ತವೆ. ಇಲ್ಲಿ ಕನ್ನಡ ಕೇಳುವುದು ಮನೆಯ ಎರಡು ಕೋಣೆಗಳಲ್ಲಿ. ಹಿಂದೆ ಕೋಟೆ ವಿಭಾಗದ ರಾತ್ರಿಶಾಲೆಗಳಲ್ಲಿ ಹೋಟೆಲಿನ ಹುಡುಗರು ಹಗಲೆಲ್ಲ ದುಡಿದು ಕನ್ನಡದಲ್ಲಿ ಓದಿದರು. ಮಹಾನಗರಪಾಲಿಕೆಯ ಶಾಲೆಗಳ ಎಂಟು ಭಾಷಾಮಾಧ್ಯಮಗಳಲ್ಲಿ ಕನ್ನಡವೂ ಒಂದು. ಆದರೂ ನಮ್ಮಲ್ಲಿ ಹೆಚ್ಚಿನವರು ಮಕ್ಕಳನ್ನು ಸೇರಿಸುವುದು ಇಂಗ್ಲಿಷ್ ಶಾಲೆಗೆ. ಅದನ್ನು ತಪ್ಪೆನ್ನಲು ನಾವು ಹೊರಟಿಲ್ಲ.

ಶಾಲೆಯಲ್ಲಿ ಕಲಿಯುವ ಮರಾಠಿ ಹಿಂದಿಗಳು ನಮಗೆ ಬಂಧುಗಳಂತಿದ್ದರೂ ಕಾಲದ ವಿಷಯದಲ್ಲಿ ಅವುಗಳ ರೀತಿ ಬೇರೆ. ಮರಾಠಿಯ ಬಾರಾಖಡಿಯಲ್ಲಿ ಕೇ ಉಂಟು, ಕೋ ಉಂಟು. ನಮ್ಮ ಹ್ರಸ್ವವಾದ ಕೆ, ಕೊ ಇಲ್ಲ. ಆದುದರಿಂದ ಕೊಡು, ಕೋಡು ಎರಡನ್ನೂ ಆ ಮಗು ಒಂದೇ ಮಾತೆಂದು ತಿಳಿಯುವುದು ಸಹಜ. ಮತ್ತೆ ಆ ಭಾಷೆಗಳಲ್ಲಿ ಮಾತಿನ ಕೊನೆಯ ಅಕಾರವನ್ನು ನುಂಗುವುದು ವಾಡಿಕೆ. ಆ ಅಭ್ಯಾಸದಿಂದ ನಮ್ಮ ಮಕ್ಕಳ ಬಾಯಲ್ಲಿ ಮರವು ಮರ್ ಆಗುತ್ತದೆ, ಬಸವನು ಬಸವ್ ಆಗುತ್ತಾನೆ. ಪ್ರತಿಯೊಂದು ಸಲವೂ ಒಂದು ಮಾತ್ರೆಯ ಲೆಕ್ಕ ತಪ್ಪುತ್ತದೆ.

ಮಿಡಿತ ಬೇರೆ, ಮಾತಿನ ಲಯ ಬೇರೆ

ಲಯವನ್ನು ಕಲಿಸುವವರು ಮೊದಲು ಅರಿಯಬೇಕಾದ ಒಂದು ಭೇದವಿದೆ. ಮಕ್ಕಳಿಗೆ ಚಪ್ಪಾಳೆ ಹಾಕುತ್ತ ಒಂದು ಹಾಡು ಹೇಳಿರೆಂದರೆ ಅವರಲ್ಲಿ ಅನೇಕರು ಅಕ್ಷರಕ್ಕೊಂದು ಚಪ್ಪಾಳೆ ಹಾಕುತ್ತಾರೆ. ಹಾಡು ಓಡಿದರೆ ಚಪ್ಪಾಳೆಯೂ ಓಡುತ್ತದೆ, ಹಾಡು ನಿಂತರೆ ಅದೂ ನಿಲ್ಲುತ್ತದೆ. ಇದು ಮಾತಿನ ಲಯ. ಇದರ ಕೆಳಗೆ, ಹಾಡು ಓಡಲಿ ನಿಲ್ಲಲಿ, ಒಂದೇ ಸಮನೆ ನಡೆಯುವ ಇನ್ನೊಂದು ಉಂಟು. ಅದು ಮಿಡಿತ. ಗಡಿಯಾರದ ಟಿಕ್ ಟಿಕ್, ಎದೆಯ ಬಡಿತ, ಮಗುವನ್ನು ತೂಗುವ ತೊಟ್ಟಿಲು, ಇವೆಲ್ಲ ಮಿಡಿತಗಳು.

ಕರ್ನಾಟಕ ಸಂಗೀತದ ಬಾಲಪಾಠಗಳನ್ನು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುತ್ತದೆ. ಸರಳೆಯನ್ನು ಮೂರು ಕಾಲಗಳಲ್ಲಿ ಹಾಡಿಸುವ ಕ್ರಮವನ್ನು ನೋಡಿರಿ. ಮೊದಲನೆಯ ಕಾಲದಲ್ಲಿ ಪೆಟ್ಟಿಗೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕಂಠ ಇಮ್ಮಡಿ ನಾಲ್ಮಡಿಯಾಗಿ ಓಡಿದರೂ ಕೈ ಮಾತ್ರ ಮೊದಲಿನಂತೆಯೇ ಬೀಳಬೇಕು. ಕೈಯಲ್ಲಿರುವುದು ಮಿಡಿತ, ಕಂಠದಲ್ಲಿರುವುದು ಲಯದ ವಿನ್ಯಾಸ. ಎರಡನ್ನೂ ಬೇರ್ಪಡಿಸಿ, ಮತ್ತೆ ಜೊತೆಗೂಡಿಸುವ ವಿದ್ಯೆ ಅದರಲ್ಲಿದೆ.

ಪಾಶ್ಚಾತ್ಯರೂ ಬೇರೊಂದು ದಾರಿಯಿಂದ ಇಲ್ಲಿಗೇ ಬಂದರು. ಜಿನೀವಾದ ಸಂಗೀತಶಾಲೆಯಲ್ಲಿ ಪಾಠ ಹೇಳುತ್ತಿದ್ದ ಎಮಿಲ್ ಜಾಕ್-ದಾಲ್ಕ್ರೋಜ್ (1865–1950) ಅವರು, ವಾದ್ಯದಲ್ಲಿ ಪಳಗಿದ ವಿದ್ಯಾರ್ಥಿಗಳಿಗೂ ಲಯ ಮೈಗೂಡಿಲ್ಲವೆಂದು ಕಂಡು, ಅದನ್ನು ನಡೆದು, ಕುಣಿದು ಕಲಿಯುವ ಪದ್ಧತಿಯನ್ನು ರೂಪಿಸಿದರು. ಹಂಗೇರಿಯ ಝೋಲ್ತಾನ್ ಕೋದಾಯ್ (1882–1967) ಅವರು ಮಗುವಿನ ಸಂಗೀತ ಅದರ ತಾಯ್ನುಡಿಯ ಹಾಡುಗಳಿಂದಲೇ ಮೊದಲಾಗಬೇಕೆಂದರು. ಅವರ ಪದ್ಧತಿಯಲ್ಲಿ ಒಂದು ಮಿಡಿತಕ್ಕೆ ‘ತಾ’, ಅದನ್ನು ಎರಡಾಗಿ ಒಡೆದರೆ ‘ತಿ ತಿ’ ಎಂದು ಹೇಳಿಸುತ್ತಾರೆ. ತಕಿಟ, ತಕಧಿಮಿ ಎಂದು ಬಾಯಲ್ಲಿ ನುಡಿಯುವ ವಿದ್ಯೆಯನ್ನು ತಲೆಮಾರುಗಳಿಂದ ಬಲ್ಲ ನಮಗೆ ಇದು ಅಪರಿಚಿತವಾಗಲಾರದು.

ಈ ಶಕ್ತಿ ಯಾವ ಮಗುವಿಗೂ ಹೊರಗಿನಿಂದ ತಂದು ತುಂಬುವುದಲ್ಲ. ಹುಟ್ಟಿ ಎರಡು ಮೂರು ದಿನಗಳಾದ ಶಿಶುಗಳು ಮಲಗಿರುವಾಗ ತಾಳದ ಸದ್ದು ಕೇಳಿಸಿ, ಮುಖ್ಯವಾದ ಒಂದು ಪೆಟ್ಟನ್ನು ಬಿಟ್ಟರೆ, ಅವುಗಳ ಮೆದುಳು ಆ ಲೋಪವನ್ನು ಗುರುತಿಸುತ್ತದೆಂದು ಬುಡಾಪೆಸ್ಟ್ ಮತ್ತು ಆಮ್‌ಸ್ಟರ್‌ಡಾಮಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಉಷಾ ಗೋಸ್ವಾಮಿಯವರು, ಓದಿನಲ್ಲಿ ತೊಡಕುಳ್ಳ ಮಕ್ಕಳಿಗೆ ಮಾತಿನ ಲಯವನ್ನು ಕಿವಿಯಿಂದ ಗುರುತಿಸುವುದರಲ್ಲಿಯೂ ತೊಡಕಿರುವುದುಂಟೆಂದು ತೋರಿಸಿ, ಓದಿಗೂ ಲಯಕ್ಕೂ ಇರುವ ನಂಟಿನತ್ತ ಗಮನ ಸೆಳೆದಿದ್ದಾರೆ.

ಕಾಗುಣಿತದಲ್ಲಿ ಅಡಗಿರುವ ತಾಳ

ಹಾಗಾದರೆ ಪಾಠವನ್ನು ಎಲ್ಲಿಂದ ಆರಂಭಿಸಬೇಕು? ತಬಲಾ ಮೃದಂಗಗಳು ಬೇಕಾಗಿಲ್ಲ. ನಮ್ಮ ಕಾಗುಣಿತವೇ ಸಾಕು.

ಕ ಕಾ, ಕಿ ಕೀ, ಕು ಕೂ ಎಂದು ಹೇಳಿನೋಡಿರಿ. ಪ್ರತಿಯೊಂದು ಜೋಡಿಯಲ್ಲಿ ಒಂದು ಹ್ರಸ್ವ, ಒಂದು ದೀರ್ಘ. ಒಂದು ಕೂಡಿಸು ಎರಡು, ಮೂರು ಮಾತ್ರೆ. ಇದು ತಕಿಟ, ಅಂದರೆ ತಿಶ್ರ. ಮುಂದಿನದು ಕೃ. ಇದು ಒಂಟಿ, ಒಂದೇ ಮಾತ್ರೆ. ಅದನ್ನು ನುಡಿದು ಎರಡು ಮಾತ್ರೆ ಸುಮ್ಮನಿದ್ದರೆ ಮೂರರ ಲೆಕ್ಕ ಸರಿಯಾಗುತ್ತದೆ. ಮೌನಕ್ಕೂ ಅಳತೆಯುಂಟೆಂದು ಮಗು ಅಲ್ಲಿ ಕಲಿಯುತ್ತದೆ. ಆಮೇಲೆ ಕೆ ಕೇ ಕೈ. ಒಂದು, ಎರಡು, ಎರಡು, ಒಟ್ಟು ಐದು. ಕೊ ಕೋ ಕೌ; ಮತ್ತೆ ಐದು. ಇದು ಖಂಡದ ಅಳತೆ. ಕೊನೆಗೆ ಕಂ ಕಃ. ಎರಡೂ ಗುರು, ಒಟ್ಟು ನಾಲ್ಕು. ಇದು ಚತುರಶ್ರ. ಮೂರು, ಐದು, ನಾಲ್ಕು, ಹೀಗೆ ಮೂರು ಅಳತೆಗಳು ಒಂದೇ ಸಾಲಿನಲ್ಲಿ ಸಿಕ್ಕಿದುವು. ಮರಾಠಿಯ ಬಾರಾಖಡಿಯಲ್ಲಿ ಇಲ್ಲದ ಕೆ, ಕೊಗಳೂ ಇಲ್ಲಿ ತಮ್ಮ ಸ್ಥಾನದಲ್ಲಿ ನಿಂತಿರುವುದನ್ನು ಮಗು ಕಿವಿಯಾರೆ ಕೇಳುತ್ತದೆ.

ಕಲಿಸುವ ಕ್ರಮ ಹೀಗೆ. ಮೊದಲು ಹೆಜ್ಜೆ. ಮಕ್ಕಳು ಕೋಣೆಯಲ್ಲಿ ಸುತ್ತು ನಡೆಯಲಿ, ಮಾತ್ರೆಗೊಂದು ಹೆಜ್ಜೆ. ಬಾಯಿ ಮುಚ್ಚಿ ನಡೆಯುವುದು ಸಮವಾದ ಮೇಲೆ ಕಾಗುಣಿತ ಆರಂಭವಾಗಲಿ. ಕ ಎಂಬಲ್ಲಿ ಒಂದು ಹೆಜ್ಜೆ, ಕಾ ಎಂಬಲ್ಲಿ ಎರಡು. ದೀರ್ಘವನ್ನು ಮೊಟಕು ಮಾಡಿದರೆ ಕಾಲು ಹಿಂದೆ ಬೀಳುತ್ತದೆ. ಹ್ರಸ್ವವನ್ನು ಎಳೆದರೆ ಕಾಲು ಮುಂದೆ ಹೋಗುತ್ತದೆ. ತಿದ್ದಲು ದೊಡ್ಡವರು ಬೇಕಾಗಿಲ್ಲ, ಕಾಲೇ ತಿದ್ದುತ್ತದೆ. ಬಳೆಗೆ ಎರಡು ಹೆಜ್ಜೆ, ಬಾಳೆಗೆ ಮೂರು ಎಂದು ನಡೆದ ಮಗು ಆ ಎರಡು ಮಾತುಗಳನ್ನು ಮತ್ತೆ ಕಲಬೆರಕೆ ಮಾಡುವುದು ಅಪರೂಪ.

ಎರಡನೆಯದು, ಒಳಗಿನ ಹಾಡು. ಮಕ್ಕಳಿಗೆ ಬರುವ ಒಂದು ಶಿಶುಗೀತೆಯನ್ನು ನಡೆಯುತ್ತ ಹಾಡಿಸಿರಿ. ನೀವು ಕೈ ಎತ್ತಿದೊಡನೆ ಬಾಯಿ ಮುಚ್ಚಬೇಕು, ಹೆಜ್ಜೆ ನಿಲ್ಲಬಾರದು. ಹಾಡು ಮನಸ್ಸಿನಲ್ಲಿ ಸಾಗಬೇಕು. ಕೈ ಇಳಿಸಿದಾಗ ಎಲ್ಲರೂ ಒಟ್ಟಿಗೆ ಅದೇ ಮಾತಿನ ಮೇಲೆ ಬಂದರೆ ಮಿಡಿತ ಮೈಗೂಡಿತೆಂದು ತಿಳಿಯಬಹುದು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರು ಬರೆದ ಮಕ್ಕಳ ಪದ್ಯಗಳೆಲ್ಲ ಇದಕ್ಕೆ ಹೇಳಿ ಮಾಡಿಸಿದಂತಿವೆ. ಭಾರತ ಸೇವಕ ಸಮಾಜದ ಸದಸ್ಯರಾಗಿ ಈ ಮುಂಬಯಿಯಲ್ಲಿ ಬಾಳಿ ದುಡಿದ ದಿನಕರ ದೇಸಾಯಿಯವರು (1909–1982) ಗಡಿಯಾರವನ್ನು ಕುರಿತು ಬರೆದ ಶಿಶುಗೀತೆ ನಾಲ್ಕು ನಾಲ್ಕು ಮಾತ್ರೆಗಳ ಸರಳ ನಡೆಯದು. ಅದಕ್ಕಿಂತ ಒಳ್ಳೆಯ ಮೊದಲ ಪಾಠ ಸಿಗಲಾರದು.

ಮೂರನೆಯದು, ಇಬ್ಭಾಗ. ಅರ್ಧ ಮಕ್ಕಳು ತೊಡೆ ತಟ್ಟಿ ಮಿಡಿತ ಹಿಡಿಯಲಿ. ಉಳಿದವರು ಹಾಡಿನ ಅಕ್ಷರಗಳಿಗೆ ಚಪ್ಪಾಳೆ ಹಾಕಲಿ. ಸ್ವಲ್ಪ ಹೊತ್ತಿನ ಮೇಲೆ ಅದಲು ಬದಲು. ಎರಡೂ ಬೇರೆಯೆಂದು ವಿವರಿಸುವ ಗೋಜೇ ಇಲ್ಲದೆ ಮಕ್ಕಳು ಅದನ್ನು ಕೇಳಿ ಅರಿಯುತ್ತಾರೆ.

ರೈಲ್ವೆ ನಿಲ್ದಾಣಗಳ ಆಟ

ನಮ್ಮ ಮಕ್ಕಳಿಗೆ ಬಾಯಿಪಾಠವಾಗಿರುವ ಇನ್ನೊಂದು ಪಟ್ಟಿ ಉಂಟು. ಅದು ಲೋಕಲ್ ಗಾಡಿಯ ನಿಲ್ದಾಣಗಳದು. ನಾವು ಕನ್ನಡದಲ್ಲಿ ಹೇಳುವಂತೆ ಅವುಗಳ ಮಾತ್ರೆ ಎಣಿಸಿರಿ. ವಾಶಿ ಮೂರು, ಠಾಣೆ ಮೂರು. ಬೊರಿವಲಿ ನಾಲ್ಕು, ದಾದರ ನಾಲ್ಕು, ಕುರ್ಲಾ ನಾಲ್ಕು. ಡೊಂಬಿವಲಿ ಐದು, ಕಾಂದಿವಲಿ ಐದು, ಅಂಧೇರಿ ಐದು, ಕಲ್ಯಾಣ ಐದು. ಠಾಣೆಯನ್ನು ಮರಾಠಿಯವರಂತೆ ಠಾಣೇ ಎಂದರೆ ನಾಲ್ಕಾಗುತ್ತದೆ. ಎರಡು ಭಾಷೆಗಳ ಭೇದವನ್ನು ಮಗುವಿಗೆ ಇಷ್ಟು ಸುಲಭವಾಗಿ ತೋರಿಸುವ ಮಾತು ಬೇರೆ ಬೇಕಿಲ್ಲ.

ಈಗ ಠಾಣೆ ಬೊರಿವಲಿ, ಠಾಣೆ ಬೊರಿವಲಿ ಎಂದು ಹೇಳುತ್ತ ಹೋಗಿರಿ. ಮೂರು ನಾಲ್ಕು, ಮೂರು ನಾಲ್ಕು. ಇದೇ ಭಾಮಿನಿ ಷಟ್ಪದಿಯ ನಡೆ; ಕುಮಾರವ್ಯಾಸನು ಮಹಾಭಾರತವನ್ನು ಬರೆದುದು ಇದರಲ್ಲಿ. ಡೊಂಬಿವಲಿ ಕಾಂದಿವಲಿ ಎಂದರೆ ಐದು ಐದು. ಇದು ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕದ ನಡೆ. ಗಮಕಿಗಳು ಭಾವಕ್ಕೆ ತಕ್ಕಂತೆ ಎಳೆದು ಹಾಡುತ್ತಾರೆ, ಅದು ಬೇರೆ ಮಾತು; ಮಕ್ಕಳು ಮೊದಲು ಮಾತ್ರೆಯ ಲೆಕ್ಕದಲ್ಲಿ ನೇರವಾಗಿ ನಡೆಯಲಿ. ಹತ್ತು ವರ್ಷದ ಮಗುವಿಗೆ ಕುಮಾರವ್ಯಾಸನ ಅರ್ಥ ಆಗದಿರಬಹುದು. ಆದರೆ ಅವನ ನಡಿಗೆ ಕಾಲಿಗೆ ಬಂದಿದ್ದರೆ ಮುಂದೊಂದು ದಿನ ಅರ್ಥ ತಾನಾಗಿ ಹಿಂಬಾಲಿಸಬಹುದು.

ಈ ಏಳರ ಲೆಕ್ಕ ನಮ್ಮದು ಮಾತ್ರವಲ್ಲ. ಯಕ್ಷಗಾನದ ತ್ರಿವುಡೆಗೆ ಏಳು. ಕರ್ನಾಟಕ ಸಂಗೀತದ ಮಿಶ್ರಚಾಪಿಗೆ ಏಳು. ತಬಲಾ ತರಗತಿಯಲ್ಲಿ ಮಗು ಕಲಿಯುವ ರೂಪಕಕ್ಕೂ ಮೂರು, ಎರಡು, ಎರಡು ಎಂದು ಏಳೇ ಮಾತ್ರೆ. ದಕ್ಷಿಣದ ರೂಪಕವಾದರೋ ಆರು ಅಕ್ಷರಗಳದು; ಹೆಸರು ಒಂದೇ ಆದರೂ ಲೆಕ್ಕ ಬೇರೆಯೆಂಬುದನ್ನು ಎರಡೂ ಪದ್ಧತಿಗಳ ಮಕ್ಕಳಿರುವ ಮನೆಯವರು ನೆನಪಿಡಬೇಕು. ವಿಷ್ಣು ದಿಗಂಬರ ಪಲುಸ್ಕರರು 1908ರಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಈ ನಗರಕ್ಕೆ ತಂದರು. ಷಣ್ಮುಖಾನಂದ ಸಭೆ 1952ರಲ್ಲಿ ಹುಟ್ಟಿತು. ಎರಡು ಸಂಗೀತಗಳೂ ಹೀಗೆ ಕೈಗೆಟುಕುವ ಊರಿನಲ್ಲಿ ನಾವಿದ್ದೇವೆ. ಕನ್ನಡದ ಮಾತ್ರೆ ತಿಳಿದ ಮಗು ಎರಡರಲ್ಲಿಯೂ ಹೊಸಬನಂತೆ ನಿಲ್ಲಬೇಕಾಗಿಲ್ಲ.

ತಾಳ ಹಾಕುವುದನ್ನು ಏಳೆಂಟು ವರ್ಷದ ಮೇಲೆ ಕಲಿಸಬಹುದು. ಆದಿತಾಳಕ್ಕೆ ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಎಣಿಕೆ, ಆಮೇಲೆ ಪೆಟ್ಟು ಹುಸಿ, ಪೆಟ್ಟು ಹುಸಿ, ಒಟ್ಟು ಎಂಟು. ತಬಲಾದವರ ತೀನ್‌ತಾಲದಲ್ಲಿ ಹದಿನಾರು ಮಾತ್ರೆ. ಒಂದು, ಐದು, ಹದಿಮೂರರಲ್ಲಿ ಚಪ್ಪಾಳೆ, ಒಂಬತ್ತರಲ್ಲಿ ಖಾಲಿ. ಹುಸಿಯಾಗಲಿ ಖಾಲಿಯಾಗಲಿ, ಸದ್ದಿಲ್ಲದ ಪೆಟ್ಟೂ ಪೆಟ್ಟೇ ಎಂಬುದು ಎರಡು ಪದ್ಧತಿಗಳೂ ಹೇಳುವ ಪಾಠ.

ಕೆಲವು ವ್ಯಾವಹಾರಿಕ ಮಾತುಗಳು

ದೊಡ್ಡವರು ಸಾಮಾನ್ಯವಾಗಿ ಮಾಡುವುದು ನಿಧಾನದಿಂದ ಆರಂಭ. ಮಕ್ಕಳಿಗೆ ಅದೇ ಕಷ್ಟ. ಅವರ ಸಹಜವಾದ ವೇಗ ನಮ್ಮದಕ್ಕಿಂತ ಹೆಚ್ಚು. ಅವರ ನಾಡಿಯೂ ನಮ್ಮದಕ್ಕಿಂತ ಚುರುಕು. ನಿಮಿಷಕ್ಕೆ ನೂರು ನೂರಿಪ್ಪತ್ತು ಹೆಜ್ಜೆಯ ನಡಿಗೆ ಅವರಿಗೆ ಹಿತ. ವಿಲಂಬ ಆಮೇಲೆ ಬರಲಿ.

ನಮ್ಮ ಉಪನಗರದ ಒಬ್ಬ ಹುಡುಗನಿಗೆ, ಇವನಿಗೆ ತಾಳವೇ ಇಲ್ಲವೆಂದು ಹೇಳಿ, ಒಂದು ಸಮಾರಂಭದ ಸಮೂಹಗಾನದಲ್ಲಿ ಹಿಂದಿನ ಸಾಲಿನಲ್ಲಿ ನಿಲ್ಲಿಸಿ, ಬರಿದೆ ತುಟಿಯಾಡಿಸು ಎಂದು ಅಪ್ಪಣೆ ಮಾಡಿದ್ದರು. ಆಮೇಲೆ ಕೆಲವು ಭಾನುವಾರ ನಾವು ಅವನ ಹೆಜ್ಜೆಯನ್ನು ಗಮನಿಸಿದೆವು. ಅವನು ತಪ್ಪುತ್ತಿರಲಿಲ್ಲ, ಉಳಿದವರಿಗಿಂತ ವೇಗವಾಗಿ, ಆದರೆ ಸಮವಾಗಿಯೇ ನಡೆಯುತ್ತಿದ್ದನು. ಮೊದಲು ನಾವೆಲ್ಲರೂ ಅವನ ಹೆಜ್ಜೆಗೆ ಹಾಡಿದೆವು. ಮೂರು ನಾಲ್ಕು ವಾರಗಳಲ್ಲಿ ಅವನು ನಮ್ಮ ಹೆಜ್ಜೆಗೆ ಬಂದನು. ತಾಳಜ್ಞಾನವಿಲ್ಲವೆಂಬ ಮಾತನ್ನು ಚಿಕ್ಕ ಮಕ್ಕಳ ಎದುರಿಗೆ ಆಡಲೇಬಾರದು. ಆ ಮಾತು ಮಗುವಿನ ಬಾಯನ್ನು ಹಾಡಿಗೆ ಮಾತ್ರವಲ್ಲ, ಹಾಡಿದ ಭಾಷೆಗೂ ಮುಚ್ಚಿಸುತ್ತದೆ.

ಕೆಳಗಿನ ಮಹಡಿಯವರ ನಿದ್ದೆಯ ಚಿಂತೆ ಮುಂಬಯಿಯಲ್ಲಿ ಎಲ್ಲರಿಗೂ ಉಂಟು. ಬರಿಗಾಲಿನಲ್ಲಿ ಚಾಪೆಯ ಮೇಲೆ ನಡೆದರೆ ಸದ್ದಾಗದು; ರಾತ್ರಿಯಾದರೆ ಅಂಗೈಯಿಂದ ತೊಡೆ ತಟ್ಟಿದರೂ ಸಾಕು. ಎರಡು ತೆಂಗಿನ ಕರಟ, ಎರಡು ಕೋಲು, ಒಂದು ಸ್ಟೀಲಿನ ಲೋಟ, ಇಷ್ಟೇ ವಾದ್ಯ. ಕಚೇರಿ ಮುಗಿಸಿ ಗಾಡಿ ಹಿಡಿದು ಏಳೂವರೆಗೆ ಮನೆ ಸೇರುವ ನಮ್ಮಂಥವರಿಗೂ ದಿನಕ್ಕೆ ಹತ್ತು ನಿಮಿಷ ಸಿಕ್ಕೀತು. ವಾರಕ್ಕೊಮ್ಮೆ ಒಂದು ಗಂಟೆಗಿಂತ ದಿನವೂ ಹತ್ತು ನಿಮಿಷ ಮೇಲು.

ಹೊರಗೆ ಸಿಗುವ ಸಹಾಯವನ್ನೂ ಬಿಡಬಾರದು. ಮಹಾರಾಷ್ಟ್ರದ ಶಾಲೆಗಳಲ್ಲಿ ಕಲಿಸುವ ಲೇಝಿಮ್ ಕುಣಿತ ಮಿಡಿತಕ್ಕೆ ಉತ್ತಮವಾದ ಸಾಧನೆ. ಮಗು ಅದರಲ್ಲಿ ಸೇರಲಿ. ನಮ್ಮ ಭಜನಾ ಮಂಡಲಿಗಳಲ್ಲಿ ಮಕ್ಕಳನ್ನು ಮೂಲೆಯಲ್ಲಿ ಮೊಬೈಲು ಕೊಟ್ಟು ಕೂಡಿಸುವ ಬದಲು ಒಂದು ಜೊತೆ ತಾಳವನ್ನು ಕೈಗೆ ಕೊಡಬೇಕು. ಮೊದಮೊದಲು ಭಜನೆ ಸ್ವಲ್ಪ ಓಡೀತು. ದೇವರು ಅದಕ್ಕೆ ಕೋಪಿಸಿಕೊಳ್ಳುವವನಲ್ಲ.

ಸಂಘಗಳಿಗೆ ಒಂದು ಬಿನ್ನಹ

ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಲ್ಲಿಯೂ ಕರ್ನಾಟಕ ಸಂಘ 1933ರಲ್ಲಿಯೂ ಸ್ಥಾಪನೆಯಾದುವು. ಆಮೇಲೆ ಉಪನಗರ ಉಪನಗರಕ್ಕೂ ಸಂಘಗಳು ಹುಟ್ಟಿದುವು. ಅವುಗಳನ್ನು ಕಟ್ಟಿದ ಹಿರಿಯರಿಗೆ ಕನ್ನಡ ಕಲಿಸುವ ತೊಂದರೆ ಇರಲಿಲ್ಲ, ಅವರು ಊರಿನಿಂದ ಅದನ್ನು ಹೊತ್ತು ತಂದಿದ್ದರು. ಇಂದಿನ ಮಕ್ಕಳು ಇಲ್ಲಿಯೇ ಹುಟ್ಟಿದವರು. ಅವರಿಗೆ ನಾವು ವರ್ಷಕ್ಕೊಮ್ಮೆ ವೇದಿಕೆಯನ್ನು ಕೊಡುತ್ತೇವೆ, ಬಹುಮಾನವನ್ನು ಕೊಡುತ್ತೇವೆ. ಅಲ್ಲಿಗೆ ಏರುವ ಮೆಟ್ಟಿಲನ್ನು ಕೊಡಲು ಮರೆಯುತ್ತೇವೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಪದ್ಯಸ್ಪರ್ಧೆಗೆ ಎರಡು ತಿಂಗಳು ಮೊದಲೇ, ಭಾನುವಾರ ಬೆಳಿಗ್ಗೆ ಅರ್ಧ ಗಂಟೆ, ಸಂಘದ ಸಭಾಗೃಹದಲ್ಲಿ ಕುರ್ಚಿಗಳನ್ನು ಬದಿಗೆ ಸರಿಸಿ, ಮಕ್ಕಳನ್ನು ಕಾಗುಣಿತದ ಹೆಜ್ಜೆ ಹಾಕಿಸೋಣ. ತರಬೇತು ಪಡೆದ ವಿದ್ವಾಂಸರು ಸಿಕ್ಕದಿದ್ದರೆ ಕನ್ನಡ ಓದಬಲ್ಲ ಅಜ್ಜಿಯೊಬ್ಬರು ಸಾಕು. ಇಂಗ್ಲಿಷ್ ಲಿಪಿಯ ಚೀಟಿಯನ್ನು ಒಮ್ಮೆಗೇ ಕಿತ್ತುಕೊಳ್ಳುವುದು ಬೇಡ; ಅದರ ಮೇಲೆಯೇ ಗುರುವಿಗೊಂದು ಉದ್ದ ಗೆರೆ, ಲಘುವಿಗೊಂದು ಚಿಕ್ಕ ಗೆರೆ ಎಳೆದುಕೊಡೋಣ. ಆ ಗೆರೆಗಳನ್ನು ನಡೆದು ಕಲಿತ ಮಗು ಕೆಲವು ವಾರಗಳಲ್ಲಿ, ಕನ್ನಡದ ಲಿಪಿಯಲ್ಲಿ ಈ ಗೆರೆಗಳೇ ಬೇಕಿಲ್ಲವಲ್ಲ, ದೀರ್ಘವು ಅಕ್ಷರದಲ್ಲೇ ಇದೆಯಲ್ಲ ಎಂದು ಕೇಳುತ್ತದೆ. ಅದು ಹಾಗೆ ಕೇಳಿದ ದಿನ ಅದರ ಕೈಗೆ ಕನ್ನಡದ ಒಂದನೆಯ ಪುಸ್ತಕವನ್ನು ಕೊಡಬಹುದು.